ಅಲಗಿನ ಅಲುಗಾಟ: ಮಡಚುವ ಕಸಿ ಚಾಕುವಿನ ಗುಣ ನಿರ್ಣಯ

ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ ಹೆಬ್ಬೂರು ಸಿಗುತ್ತದೆ. ತೆಂಗು, ಅಡಿಕೆ, ಮಾವು, ಹಲಸು, ರಾಗಿಯ ಸೀಮೆ ಇದು. ಇಂಥ ಊರುಗಳಲ್ಲಿ ಮಡಚುವ ಚಾಕುವನ್ನು ಕೊಳ್ಳುವವರು ಅದನ್ನು ಪರೀಕ್ಷಿಸುವ ಕ್ರಮ ಬಹುಮಟ್ಟಿಗೆ ಒಂದೇ. ಚಾಕುವನ್ನು ಬಿಚ್ಚಿ, ಅಲಗಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸುತ್ತಾರೆ. ಅಲುಗಿದರೆ 'ಲೂಸು', ಅಲುಗದಿದ್ದರೆ 'ಗಟ್ಟಿ'. ಆಮೇಲೆ ಮುಚ್ಚುವಾಗ 'ಟಕ್' ಎಂಬ ಸದ್ದು ಬರುತ್ತದೆಯೇ ಎಂದು ಕೇಳುತ್ತಾರೆ. ಕೊನೆಗೆ ಅಂಗೈಯಲ್ಲಿಟ್ಟು ತೂಕ ನೋಡುತ್ತಾರೆ. ತೀರ್ಪು ಮುಗಿಯಿತು.

ಈ ಪರೀಕ್ಷೆಯಲ್ಲಿ ಹುರುಳಿಲ್ಲ ಎನ್ನುವಂತಿಲ್ಲ. ಆದರೆ ಇದು ಮುಖ್ಯವಾದ ದೋಷವನ್ನು ಬಿಟ್ಟು ಮುಖ್ಯವಲ್ಲದ ದೋಷವನ್ನು ಹಿಡಿಯುತ್ತದೆ. ಕೆಲವೊಮ್ಮೆ ಒಳ್ಳೆಯ ಚಾಕುವನ್ನು ತಿರಸ್ಕರಿಸಿ, ಬೆರಳು ಕತ್ತರಿಸಬಲ್ಲ ಚಾಕುವಿಗೆ ಮೆಚ್ಚುಗೆ ಸೂಚಿಸುತ್ತದೆ. ಹಾಗಾದರೆ ಮಡಚುವ ಚಾಕುವಿನ ಗುಣವನ್ನು ನಿರ್ಣಯಿಸುವುದು ಹೇಗೆ? ಪ್ರೌಢಶಾಲೆಯ ಪ್ರಯೋಗಾಲಯದಲ್ಲಿರುವ ಸಾಧನಗಳಿಂದಲೇ ಇದಕ್ಕೆ ಉತ್ತರ ಕಂಡುಕೊಳ್ಳಬಹುದು.

ಚಾಕುವಿನ ಮೇಲೆ ನಿಂತ ಗಿಡ

ಕೇವಲ ಪೆನ್ಸಿಲ್ ಹೆರೆಯುವ ಚಾಕುವಾದರೆ ಇಷ್ಟೊಂದು ಚರ್ಚೆ ಬೇಕಿರಲಿಲ್ಲ. ನಾವಿಲ್ಲಿ ಮಾತನಾಡುತ್ತಿರುವುದು ಮುಖ್ಯವಾಗಿ ಕಸಿ ಕಟ್ಟುವ ಚಾಕುವಿನ ಬಗ್ಗೆ. ತುಮಕೂರು ಜಿಲ್ಲೆಯ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಗುಬ್ಬಿ ತಾಲ್ಲೂಕಿನ ಚೇಳೂರಿನ ರೈತರ ಜಮೀನಿನಲ್ಲಿದ್ದ ಒಂದು ಹಲಸಿನ ಮರವನ್ನು ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರದ ವಿಜ್ಞಾನಿಗಳು ಗುರುತಿಸಿ, 2010ರ ದಶಕದ ಕೊನೆಯ ವರ್ಷಗಳಲ್ಲಿ 'ಸಿದ್ದು' ಎಂಬ ಹೆಸರಿನಲ್ಲಿ ಬೆಳಕಿಗೆ ತಂದರು. ಸರಾಸರಿ ಎರಡೂವರೆ ಕಿಲೋ ಆಸುಪಾಸಿನ ಸಣ್ಣ ಹಣ್ಣು, ಕೆಂಪು ಬಣ್ಣದ ತೊಳೆ. ಇದರ ಸಸಿಗೆ ರೈತರಿಂದ ಬೇಡಿಕೆ ಬಂತು.

ಹಲಸಿನಲ್ಲಿ ಪರಕೀಯ ಪರಾಗಸ್ಪರ್ಶ ನಡೆಯುತ್ತದೆ. ಆದ್ದರಿಂದ 'ಸಿದ್ದು' ಹಣ್ಣಿನ ಬೀಜ ಬಿತ್ತಿದರೆ 'ಸಿದ್ದು' ಮರವೇ ಬರುತ್ತದೆಂಬ ಭರವಸೆಯಿಲ್ಲ. ತಾಯಿಮರದ ಗುಣ ಉಳಿಯಬೇಕಾದರೆ ಅದರ ಕಡ್ಡಿಯನ್ನು ಬೇರೆ ಬೇರುಸಸಿಗೆ ಕಸಿ ಮಾಡಬೇಕು. ಮೃದುಕಾಂಡ ಕಸಿಯಲ್ಲಿ ಬೇರುಸಸಿಯ ತಲೆ ಕತ್ತರಿಸಿ ಕಾಂಡವನ್ನು 4-5 ಸೆಂ.ಮೀ. ಆಳಕ್ಕೆ ನಡುವೆ ಸೀಳುತ್ತಾರೆ. ಕಸಿಕಡ್ಡಿಯ ಬುಡವನ್ನು ಅಷ್ಟೇ ಉದ್ದದ ಬೆಣೆಯಂತೆ ಎರಡೂ ಕಡೆ ಹೆರೆದು ಸೀಳಿನಲ್ಲಿ ಕೂರಿಸಿ ಪಾಲಿಥಿನ್ ಪಟ್ಟಿಯಿಂದ ಬಿಗಿಯುತ್ತಾರೆ.

ಬೆಸೆಯಬೇಕಾದದ್ದು ತೊಗಟೆಗೂ ಮರಕ್ಕೂ ನಡುವೆ ಇರುವ ಕ್ಯಾಂಬಿಯಂ ಪದರ. ಅದು ಕೆಲವೇ ಕೋಶಗಳಷ್ಟು ದಪ್ಪ; ಹೆಚ್ಚೆಂದರೆ ಒಂದು ಕಾಗದದ ಹಾಳೆಯಷ್ಟು ಎನ್ನಬಹುದು. ಬೆಣೆಯ ಮುಖ ಸಮತಟ್ಟಾಗಿದ್ದರೆ ಎರಡು ಕ್ಯಾಂಬಿಯಂಗಳು ಉದ್ದಕ್ಕೂ ತಾಗುತ್ತವೆ. ಮುಖದಲ್ಲಿ ಅಲೆಯಂತೆ ಏರಿಳಿತವಿದ್ದರೆ ಅಲ್ಲಲ್ಲಿ ಮಾತ್ರ ತಾಗುತ್ತವೆ. ಸಣ್ಣ ಸಂದುಗಳನ್ನು ಗಾಯದ ಅಂಗಾಂಶ ಬೆಳೆದು ತುಂಬಿಕೊಳ್ಳುತ್ತದೆ, ನಿಜ. ಆದರೆ ಸಂದು ದೊಡ್ಡದಾದರೆ ಅದು ತುಂಬುವಷ್ಟರಲ್ಲಿ ಕಡ್ಡಿ ಒಣಗಿರುತ್ತದೆ. ಬೇರುಸಸಿ ಬೆಳೆಸಿದ ತಿಂಗಳುಗಳ ದುಡಿಮೆಯೂ ಆ ಕಡ್ಡಿಯೊಂದಿಗೆ ಹೋಗುತ್ತದೆ. ಚಾಕುವಿನ ಅಲುಗಾಟ ಇಲ್ಲಿ ಲೆಕ್ಕಕ್ಕೆ ಬರುವುದು ಈ ಕಾರಣಕ್ಕೆ.

ಅಲುಗಾಟವೆಲ್ಲ ದೋಷವೇ?

ತಿರುಗುವ ಯಾವ ಕೀಲಿನಲ್ಲೂ ಸ್ವಲ್ಪ ಸಡಿಲ ಇರಲೇಬೇಕು. ತೂತಿನ ವ್ಯಾಸವೂ ಮೊಳೆಯ ವ್ಯಾಸವೂ ಒಂದೇ ಆಗಿದ್ದರೆ ಕೀಲು ತಿರುಗುವುದಿಲ್ಲ. ಮೆಕ್ಯಾನಿಕ್‌ಗಳು 'ಪ್ಲೇ' ಎಂದು ಕರೆಯುವುದು ಈ ಸಡಿಲವನ್ನೇ. ತುಮಕೂರಿನಲ್ಲಿ 1978ರಲ್ಲಿ ಆರಂಭವಾದ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆ ಹಲವರಿಗೆ ನೆನಪಿರಬಹುದು. ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ನೀಡಿತು. ಕೈಗಡಿಯಾರದ ಚಕ್ರದ ಅಚ್ಚನ್ನು ಅದರ ಕಲ್ಲಿನ ಬೇರಿಂಗ್‌ಗಳ ನಡುವೆ ಕೂರಿಸುವಾಗ ಮಿಲಿಮೀಟರಿನ ನೂರನೆಯ ಕೆಲವು ಭಾಗಗಳಷ್ಟು ಸಡಿಲವನ್ನು ಬೇಕೆಂದೇ ಬಿಡುತ್ತಾರೆ. ಆ ಸಡಿಲ ಇಲ್ಲದ ಗಡಿಯಾರ ನಿಲ್ಲುತ್ತದೆ. ಅದು ಹೆಚ್ಚಾದ ಗಡಿಯಾರ ಸರಿಯಾದ ಸಮಯ ತೋರಿಸುವುದಿಲ್ಲ. ಎಂದರೆ ಅಲುಗಾಟವು ಇದೆ ಅಥವಾ ಇಲ್ಲ ಎಂದು ಹೇಳುವ ಗುಣವಲ್ಲ, ಅಳೆದು ಹೇಳಬೇಕಾದ ಪರಿಮಾಣ.

ವಿದ್ಯಾರ್ಥಿಗಳು ಜ್ಯಾಮಿತಿ ಪೆಟ್ಟಿಗೆಯಿಂದ ಕೈವಾರವನ್ನು ತೆಗೆದು ನೋಡಲಿ. ಕೀಲು ಸಡಿಲವಾದ ಕೈವಾರದಿಂದ ವೃತ್ತ ಎಳೆದರೆ ಹೊರಟ ಬಿಂದುವಿಗೆ ಗೆರೆ ಬಂದು ಸೇರುವುದಿಲ್ಲ. ಕೀಲಿನಲ್ಲಿ ಕಣ್ಣಿಗೆ ಕಾಣದ ಸಡಿಲ ಕಾಲಿನ ತುದಿಯಲ್ಲಿ ಎದ್ದು ಕಾಣುತ್ತದೆ. ಚಾಕುವಿನಲ್ಲಿ ಆಗುವುದೂ ಇದೇ.

ಎರಡು ದಿಕ್ಕು, ಎರಡು ಲೆಕ್ಕ

ಮಡಚುವ ಚಾಕುವಿನ ರಚನೆಯನ್ನು ಗಮನಿಸಿ. ಅಲಗಿನ ಬುಡ ಹಿಡಿಯ ಎರಡು ತಗಡುಗಳ ನಡುವೆ ಕೂತಿರುತ್ತದೆ. ಒಂದು ಮೊಳೆ ಮೂರನ್ನೂ ದಾಟಿ ಹೋಗುತ್ತದೆ. ಬೆನ್ನಿನ ಕಡೆ ಉದ್ದನೆಯ ಸ್ಪ್ರಿಂಗ್ ಪಟ್ಟಿ ಅಲಗಿನ ಬುಡವನ್ನು ಒತ್ತಿ ಹಿಡಿದಿರುತ್ತದೆ. ಇಂಥ ಅಲಗು ಎರಡು ರೀತಿಯಲ್ಲಿ ಅಲುಗಬಹುದು: ಒಂದು, ಎಡ-ಬಲಕ್ಕೆ, ಇನ್ನೊಂದು, ಬೆನ್ನು-ಬಾಯಿಯ ದಿಕ್ಕಿನಲ್ಲಿ ಮೇಲೆ-ಕೆಳಗೆ.

ಮೊದಲನೆಯದನ್ನು ನೋಡೋಣ. ತಗಡುಗಳ ನಡುವೆ ಇರುವ ಅಲಗಿನ ಬುಡದ ಉದ್ದ 15 ಮಿ.ಮೀ., ಬುಡಕ್ಕೂ ತಗಡುಗಳಿಗೂ ನಡುವಿನ ಒಟ್ಟು ಸಂದು 0.1 ಮಿ.ಮೀ. ಎಂದಿಟ್ಟುಕೊಳ್ಳಿ. ಇದು ಒಂದು ಸಾಧಾರಣ ಕಾಗದದ ದಪ್ಪ. ಆಗ ಅಲಗು ಒಂದು ಪಕ್ಕಕ್ಕೆ ಓರೆಯಾಗಬಲ್ಲ ಕೋನ ಸುಮಾರು 0.1 ÷ 15 ರೇಡಿಯನ್. ಬುಡದ ಮಧ್ಯದಿಂದ ತುದಿಗೆ 75 ಮಿ.ಮೀ. ಇದ್ದರೆ ತುದಿಯ ಚಲನೆ 75 × 0.1 ÷ 15 = 0.5 ಮಿ.ಮೀ. ಎರಡೂ ಪಕ್ಕ ಸೇರಿ 1 ಮಿ.ಮೀ. ಕಾಗದದಷ್ಟು ಸಂದು ತುದಿಯಲ್ಲಿ ಹತ್ತು ಪಟ್ಟಾಯಿತು. ಸಂದು ಅಷ್ಟೇ ಇದ್ದು ಬುಡದ ಉದ್ದ 7.5 ಮಿ.ಮೀ. ಆಗಿದ್ದರೆ ತುದಿಯ ಅಲುಗಾಟ 2 ಮಿ.ಮೀ. ಆಗುತ್ತಿತ್ತು. ಇದರಿಂದ ತಿಳಿಯುವುದೇನು? ಅಲಗಿನ ಬುಡ ಅಗಲವಾಗಿ, ಉದ್ದವಾಗಿ ತಗಡಿಗೆ ಒರಗಿರುವ ಚಾಕು ಒಳ್ಳೆಯ ರಚನೆಯದು. ಮೊಳೆ ದಪ್ಪವಾಗಿದೆಯೇ ಎಂಬುದಕ್ಕಿಂತ ಈ ಒರಗುವ ಜಾಗ ಎಷ್ಟಿದೆ ಎಂಬುದೇ ಎಡ-ಬಲದ ಅಲುಗಾಟವನ್ನು ನಿರ್ಧರಿಸುತ್ತದೆ. ಕೊಳ್ಳುವಾಗ ಮೊಳೆಯ ತಲೆಯ ಹೊಳಪನ್ನು ನೋಡುವವರು ಬುಡದ ಅಗಲವನ್ನು ನೋಡುವುದು ಅಪರೂಪ.

ಎರಡನೆಯ ದಿಕ್ಕಿನ ಲೆಕ್ಕ ಬೇರೆ. ಮೊಳೆಗೂ ತೂತಿಗೂ ನಡುವೆ 0.05 ಮಿ.ಮೀ. ಸಡಿಲವಿದ್ದು, ಬುಡ ಸ್ಪ್ರಿಂಗಿಗೆ ಅಥವಾ ತಡೆಗೆ ತಾಗುವ ಬಿಂದು ಮೊಳೆಯಿಂದ 8 ಮಿ.ಮೀ. ದೂರದಲ್ಲಿದ್ದರೆ ತುದಿ ಸುಮಾರು 0.05 × 75 ÷ 8, ಎಂದರೆ 0.47 ಮಿ.ಮೀ. ಅಲುಗುತ್ತದೆ. ಸಂಖ್ಯೆ ಸಣ್ಣದು. ಆದರೆ ಅಪಾಯ ಇರುವುದು ಈ ದಿಕ್ಕಿನಲ್ಲಿ. ಏಕೆಂದರೆ ಅಲಗು ಮುಚ್ಚಿಕೊಳ್ಳುವುದು ಇದೇ ದಿಕ್ಕಿಗೆ.

ಅಲುಗುವುದು ಬೇರೆ, ಬಾಗುವುದು ಬೇರೆ

ಬೆರಳಿನ ಪರೀಕ್ಷೆಗೆ ಇರುವ ಇನ್ನೊಂದು ಕೊರತೆಯೆಂದರೆ ಅದು ಅಲುಗಾಟವನ್ನೂ ಬಾಗುವಿಕೆಯನ್ನೂ ಬೇರ್ಪಡಿಸಲಾರದು. ಉಕ್ಕಿನ ಅಲಗು ಕೂಡ ಸ್ಥಿತಿಸ್ಥಾಪಕ ವಸ್ತು. ಒಂದು ತುದಿಯನ್ನು ಭದ್ರವಾಗಿ ಹಿಡಿದ ಪಟ್ಟಿಯ ಇನ್ನೊಂದು ತುದಿಯನ್ನು ಎಳೆದರೆ ಅದು ಎಷ್ಟು ಬಾಗುತ್ತದೆಂಬುದು ಪಿ.ಯು. ಮತ್ತು ಪದವಿ ತರಗತಿಗಳಲ್ಲಿ ಬರುವ ಲೆಕ್ಕ. 75 ಮಿ.ಮೀ. ಉದ್ದ, 15 ಮಿ.ಮೀ. ಅಗಲ, 2 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯ ತುದಿಯನ್ನು 5 ನ್ಯೂಟನ್ ಬಲದಿಂದ, ಎಂದರೆ ಸುಮಾರು ಅರ್ಧ ಕಿಲೋ ತೂಕದಿಂದ, ಪಕ್ಕಕ್ಕೆ ಎಳೆಯಿರಿ. ಯಂಗ್ ಗುಣಾಂಕ ಪ್ರತಿ ಚದರ ಮಿ.ಮೀ.ಗೆ 2,00,000 ನ್ಯೂಟನ್ ಎಂದು ಹಿಡಿದರೆ ತುದಿ 0.35 ಮಿ.ಮೀ. ಬಾಗುತ್ತದೆ. ನಿಜವಾದ ಅಲಗು ಬಾಯಿಯ ಕಡೆ ತೆಳುವಾಗುವುದರಿಂದ ಇನ್ನೂ ಹೆಚ್ಚು ಬಾಗುತ್ತದೆ.

ಹಾಗಾಗಿ ಕೀಲಿನಲ್ಲಿ ಕಿಂಚಿತ್ತೂ ಸಡಿಲವಿಲ್ಲದ ಚಾಕುವಿನ ತುದಿಯೂ ಗಟ್ಟಿಯಾಗಿ ಎಳೆದಾಗ ಚಲಿಸುತ್ತದೆ. ಅದನ್ನು 'ಲೂಸು' ಎನ್ನುವುದು ತಪ್ಪು ತೀರ್ಪು. ಅಲಗಿನ ದಪ್ಪ 3 ಮಿ.ಮೀ. ಆಗಿದ್ದರೆ ಇದೇ ಬಾಗುವಿಕೆ 0.10 ಮಿ.ಮೀ.ಗೆ ಇಳಿಯುತ್ತದೆ, ಏಕೆಂದರೆ ಅದು ದಪ್ಪದ ಘನಕ್ಕೆ ವಿಲೋಮಾನುಪಾತದಲ್ಲಿದೆ. ಅಂಗಡಿಯಲ್ಲಿ ದಪ್ಪ ಅಲಗಿನ ಚಾಕು 'ಗಟ್ಟಿ' ಅನ್ನಿಸುವುದಕ್ಕೆ ಅರ್ಧ ಕಾರಣ ಇದು. ಆದರೆ ಕಸಿಕಡ್ಡಿಯನ್ನು ಹೆರೆಯಲು ಬೇಕಾದದ್ದು ತೆಳುವಾದ ಅಲಗೇ. ದಪ್ಪ ಅಲಗು ಬೆಣೆಯಂತೆ ಕೆಲಸ ಮಾಡಿ ಎಳೆಯ ಕಾಂಡವನ್ನು ಕೊಯ್ಯುವ ಬದಲು ಸಿಗಿಯುತ್ತದೆ.

ಪ್ರಯೋಗಾಲಯದಲ್ಲಿ ಅಳೆಯುವ ವಿಧಾನ

ಈ ಪ್ರಯೋಗವನ್ನು ಶಿಕ್ಷಕರ ಸಮ್ಮುಖದಲ್ಲೇ ಮಾಡಬೇಕು. ಅಲಗಿನ ಬಾಯಿಗೆ ಮೊದಲು ದಪ್ಪನೆಯ ಅಂಟುಪಟ್ಟಿ ಸುತ್ತಿ. ಹಿಡಿಯನ್ನು ಎರಡು ಮರದ ತುಂಡುಗಳ ನಡುವೆ ಇಟ್ಟು ವೈಸ್‌ನಲ್ಲಿ ಬಿಗಿಯಿರಿ. ಅಲಗು ಹಿಡಿಯಿಂದ ಹೊರಬರುವ ಜಾಗದಲ್ಲಿ ಬೆರಳುಗುರಿನಷ್ಟು ಕನ್ನಡಿಯ ಚೂರನ್ನು ಅಂಟಿಸಿ. ಎರಡು ಮೀಟರ್ ದೂರದ ಗೋಡೆಯ ಮೇಲೆ ಗ್ರಾಫ್ ಹಾಳೆ ಅಂಟಿಸಿ, ಲೇಸರ್ ಪಾಯಿಂಟರಿನ ಬೆಳಕು ಕನ್ನಡಿಯಿಂದ ಪ್ರತಿಫಲಿಸಿ ಹಾಳೆಯ ಮೇಲೆ ಬೀಳುವಂತೆ ಹೊಂದಿಸಿ. ಲೇಸರ್ ಬೆಳಕು ಯಾರ ಕಣ್ಣಿಗೂ ಬೀಳದಂತೆ ಎಚ್ಚರವಹಿಸಿ.

ಕನ್ನಡಿ ತಿರುಗಿದ ಕೋನದ ಎರಡರಷ್ಟು ಕೋನಕ್ಕೆ ಪ್ರತಿಫಲಿತ ಕಿರಣ ತಿರುಗುತ್ತದೆ. ನಮ್ಮ ಮೊದಲ ಉದಾಹರಣೆಯಲ್ಲಿ ಅಲಗಿನ ಒಟ್ಟು ಓಲಾಟ ಸುಮಾರು 0.0133 ರೇಡಿಯನ್. ಗೋಡೆಯ ಮೇಲಿನ ಚುಕ್ಕೆ 2 × 0.0133 × 2000 = 53 ಮಿ.ಮೀ. ಸರಿಯುತ್ತದೆ. ತುದಿಯಲ್ಲಿ ಒಂದು ಮಿಲಿಮೀಟರ್ ಆಗಿದ್ದದ್ದು ಗೋಡೆಯ ಮೇಲೆ ಐದು ಸೆಂಟಿಮೀಟರಿಗೂ ಹೆಚ್ಚು. ಚಿಕ್ಕ ಚಲನೆಯನ್ನು ಬೆಳಕಿನ ಕಿರಣದಿಂದ ಹಿಗ್ಗಿಸುವ ಈ ಉಪಾಯ ಕನ್ನಡಿ ಗ್ಯಾಲ್ವನೋಮೀಟರಿನಲ್ಲಿ ಬಳಕೆಯಾದದ್ದೇ.

ಈಗ ಅಲಗಿನ ತುದಿಗೆ ದಾರ ಕಟ್ಟಿ ಸ್ಪ್ರಿಂಗ್ ತ್ರಾಸಿನಿಂದ 1, 2, 3, 4, 5 ನ್ಯೂಟನ್ ಬಲಗಳಲ್ಲಿ ಒಂದು ಪಕ್ಕಕ್ಕೆ, ಅನಂತರ ಇನ್ನೊಂದು ಪಕ್ಕಕ್ಕೆ ಎಳೆದು ಚುಕ್ಕೆಯ ಸ್ಥಾನ ಗುರುತಿಸಿ. ಬಲವನ್ನು ಒಂದು ಅಕ್ಷದಲ್ಲೂ ಸ್ಥಾನವನ್ನು ಇನ್ನೊಂದರಲ್ಲೂ ಇಟ್ಟು ನಕ್ಷೆ ಎಳೆಯಿರಿ. ಎರಡು ಓರೆ ಗೆರೆಗಳು ಸಿಗುತ್ತವೆ. ಬಲ ಸೊನ್ನೆಯಾಗುವಲ್ಲಿ ಅವೆರಡರ ನಡುವೆ ಒಂದು ನೆಗೆತ ಇರುತ್ತದೆ. ಆ ನೆಗೆತವೇ ಅಲುಗಾಟ. ಗೆರೆಗಳ ಓರೆ ಬಾಗುವಿಕೆಯನ್ನು ಸೂಚಿಸುತ್ತದೆ. ಬೆರಳು ಒಂದೇ ಎಂದು ಭಾವಿಸಿದ್ದನ್ನು ನಕ್ಷೆ ಎರಡಾಗಿ ಬಿಡಿಸಿ ತೋರಿಸುತ್ತದೆ.

ಒಂದು ಎಚ್ಚರಿಕೆ. ಹೊಸ ಚಾಕುವಿನ ಕೀಲು ತೀರಾ ಬಿಗಿಯಾಗಿದ್ದರೆ ಘರ್ಷಣೆಯೇ ಅಲುಗಾಟವನ್ನು ಅಡಗಿಸಿಡಬಹುದು. ಆದ್ದರಿಂದ ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು, ಐವತ್ತು ಸಲ ಬಿಚ್ಚಿ ಮುಚ್ಚಿದ ಮೇಲೆ ಮತ್ತೊಮ್ಮೆ ಅಳೆಯಿರಿ. ಎರಡು ಅಳತೆಗಳ ನಡುವೆ ದೊಡ್ಡ ವ್ಯತ್ಯಾಸ ಬಂದರೆ ಆ ಬಿಗಿ ಒಳ್ಳೆಯ ಕೆಲಸದಿಂದ ಬಂದದ್ದಲ್ಲ, ಮೊಳೆಯನ್ನು ಬಲವಾಗಿ ಬಡಿದದ್ದರಿಂದ ಬಂದದ್ದು.

ಬಲ ಬೀಳುವುದು ಯಾವ ಕಡೆಗೆ?

ಅಳತೆಯಷ್ಟೇ ತೀರ್ಪಲ್ಲ. ಕೆಲಸದ ವೇಳೆ ಬಲ ಯಾವ ದಿಕ್ಕಿನಲ್ಲಿ ಬೀಳುತ್ತದೆಂಬುದನ್ನೂ ನೋಡಬೇಕು.

ಸಾಂಪ್ರದಾಯಿಕ ಕಸಿ ಚಾಕುವಿನ ಅಲಗನ್ನು ಒಂದೇ ಪಕ್ಕಕ್ಕೆ ಸಾಣೆ ಹಿಡಿದಿರುತ್ತಾರೆ. ಇನ್ನೊಂದು ಪಕ್ಕ ಚಪ್ಪಟೆ. ಕಡ್ಡಿಯನ್ನು ಹೆರೆಯುವಾಗ ಚಪ್ಪಟೆ ಪಕ್ಕ ಕಡ್ಡಿಗೆ ಒರಗಿರುತ್ತದೆ. ಬೇರ್ಪಡುವ ಸಿಪ್ಪೆ ಓರೆ ಪಕ್ಕವನ್ನು ತಳ್ಳುತ್ತದೆ. ಅಲಗು ಕಡ್ಡಿಯ ಕಡೆಗೇ ಒತ್ತಿಕೊಳ್ಳುತ್ತದೆ. ಇದರ ಅರ್ಥ, ಎಡ-ಬಲದ ಸಡಿಲ ಇದ್ದರೂ ಅಲಗು ಒಂದು ಕೊನೆಗೆ ಹೋಗಿ ಅಲ್ಲೇ ನಿಲ್ಲುತ್ತದೆ. ಕೊಯ್ತ ನಡೆಯುತ್ತಿರುವಷ್ಟು ಹೊತ್ತು ಅದು ಓಲಾಡುವುದಿಲ್ಲ. ತೊಂದರೆ ಬರುವುದು ಕೊಯ್ತದ ಮೊದಲಲ್ಲಿ, ಕೊನೆಯಲ್ಲಿ ಮತ್ತು ಗಂಟು ಸಿಕ್ಕಿದಾಗ, ಏಕೆಂದರೆ ಅಲ್ಲಿ ಬಲದ ದಿಕ್ಕು ಬದಲಾಗುತ್ತದೆ. ಸಣ್ಣ ಪ್ರಮಾಣದ ಎಡ-ಬಲದ ಅಲುಗಾಟವನ್ನು ಅನುಭವಿ ಕೈ ನಿಭಾಯಿಸುತ್ತದೆ. ಎಡಗೈ ಬಳಸುವವರು ಬಲಗೈ ಚಾಕು ಹಿಡಿದರೆ ಚಪ್ಪಟೆ ಪಕ್ಕ ತಿರುಗುಮುರುಗಾಗಿ ಅಲಗು ಕಡ್ಡಿಯಿಂದ ಹೊರಕ್ಕೆ ಸರಿಯುತ್ತದೆ. ತರಗತಿಯಲ್ಲಿ ಕಸಿ ಕಲಿಸುವ ಶಿಕ್ಷಕರು ಇದನ್ನು ಗಮನಿಸಬೇಕು. ಅಂಥ ವಿದ್ಯಾರ್ಥಿಯ ಕೈ ಒರಟಲ್ಲ, ಅವನಿಗೆ ಕೊಟ್ಟ ಚಾಕು ಅವನದಲ್ಲ.

ಬೇರುಸಸಿಯನ್ನು ಸೀಳುವ ಹಂತ ಇದಕ್ಕಿಂತ ಭಿನ್ನ. ಅಲಗನ್ನು ಕೆಳಕ್ಕೆ ಒತ್ತುವಾಗ ಕಾಂಡ ಅಲಗಿನ ಬಾಯಿಯನ್ನು ಮೇಲಕ್ಕೆ ತಳ್ಳುತ್ತದೆ. ಅದು ಚಾಕು ಬಿಚ್ಚಿಕೊಳ್ಳುವ ದಿಕ್ಕು, ಅಪಾಯವಿಲ್ಲ. ಆದರೆ ಸೀಳಿನಲ್ಲಿ ಸಿಕ್ಕಿಕೊಂಡ ಅಲಗನ್ನು ಮೇಲಕ್ಕೆ ಎಳೆದು ತೆಗೆಯುವಾಗ ಕಾಂಡ ಅದನ್ನು ಘರ್ಷಣೆಯಿಂದ ಹಿಡಿದಿಟ್ಟುಕೊಳ್ಳುತ್ತದೆ. ಹಿಡಿ ಮೇಲೆ ಬರುತ್ತದೆ, ಅಲಗು ಅಲ್ಲೇ ಉಳಿಯುತ್ತದೆ. ಅದು ಚಾಕು ಮುಚ್ಚಿಕೊಳ್ಳುವ ದಿಕ್ಕು, ಮತ್ತು ಅಲಗು ಬಂದು ಸೇರುವ ಜಾಗದಲ್ಲಿ ಇರುವುದು ಬೆರಳುಗಳು.

ಬೀಗವಿಲ್ಲದ ಚಾಕುವಿನಲ್ಲಿ ಇದನ್ನು ತಡೆಯುವುದು ಬೆನ್ನಿನ ಸ್ಪ್ರಿಂಗ್ ಮಾತ್ರ. ಇದನ್ನೂ ಅಳೆಯಬಹುದು. ಮೊಳೆಯಿಂದ 50 ಮಿ.ಮೀ. ದೂರದಲ್ಲಿ ದಾರ ಕಟ್ಟಿ ಮುಚ್ಚುವ ದಿಕ್ಕಿಗೆ ಎಳೆಯಿರಿ. 10 ನ್ಯೂಟನ್‌ನಲ್ಲಿ ಅಲಗು ಮಣಿಯಲು ಆರಂಭಿಸಿತು ಎನ್ನೋಣ. ಬಲಭ್ರಾಮಕ 0.5 ನ್ಯೂಟನ್-ಮೀಟರ್. ಹಾಗಾದರೆ ಮೊಳೆಯಿಂದ 75 ಮಿ.ಮೀ. ದೂರದ ತುದಿಯಲ್ಲಿ 6.7 ನ್ಯೂಟನ್, ಎಂದರೆ 700 ಗ್ರಾಂಗಿಂತ ಕಡಿಮೆ ಎಳೆತ ಸಾಕು. ಅಲಗಿನ ತುದಿಯಿಂದ ಸೀಳಬಾರದು, ಬುಡದ ಹತ್ತಿರದ ಭಾಗದಿಂದ ಸೀಳಬೇಕು ಎಂದು ಹಿರಿಯ ಕಸಿಗಾರರು ಹೇಳುವುದರ ಹಿಂದೆ ಸನ್ನೆಯ ಇದೇ ತತ್ತ್ವವಿದೆ.

ಅಂಗಡಿಯಲ್ಲಿ ನಮ್ಮ ಬೆರಳು ಪರೀಕ್ಷಿಸಿದ್ದು ಕೆಲಸಕ್ಕೆ ಅಷ್ಟಾಗಿ ಅಡ್ಡಿಯಾಗದ ಎಡ-ಬಲದ ಅಲುಗಾಟವನ್ನು. ಗಾಯ ಮಾಡಬಲ್ಲ ದಿಕ್ಕನ್ನು ಅದು ಪರೀಕ್ಷಿಸಲೇ ಇಲ್ಲ.

ಮೂರು ಬಗೆಯ ಚಾಕುಗಳು

ಈ ಮಾನದಂಡಗಳನ್ನು ಹಿಡಿದು ಮಾರುಕಟ್ಟೆಯಲ್ಲಿ ಸಿಗುವ ಬಗೆಗಳನ್ನು ನೋಡಬಹುದು.

ಮೊದಲನೆಯದು, ಬೆನ್ನಿನ ಸ್ಪ್ರಿಂಗ್ ಇರುವ, ಬೀಗವಿಲ್ಲದ ಚಾಕು. ಸ್ವಿಟ್ಜರ್ಲೆಂಡಿನ ಇಬಾಕ್‌ನಲ್ಲಿ ಕಾರ್ಲ್ ಎಲ್ಸನರ್ 1884ರಲ್ಲಿ ಕಾರ್ಯಾಗಾರ ತೆರೆದು, 1891ರಲ್ಲಿ ಅಲ್ಲಿನ ಸೈನ್ಯಕ್ಕೆ ಚಾಕು ಒದಗಿಸಿದರು. 1897ರ ಅವರ ಅಧಿಕಾರಿಗಳ ಚಾಕುವಿನಲ್ಲಿ ಒಂದೇ ಸ್ಪ್ರಿಂಗ್ ಎರಡೂ ಬದಿಯ ಉಪಕರಣಗಳನ್ನು ಒತ್ತಿ ಹಿಡಿಯುವಂತಿತ್ತು. ಮುಂದೆ ವಿಕ್ಟೋರಿನಾಕ್ಸ್ ಎಂದು ಹೆಸರಾದ ಈ ಸಂಸ್ಥೆ ಕಸಿ ಚಾಕುಗಳನ್ನೂ ತಯಾರಿಸುತ್ತದೆ. ಇಂಥ ರಚನೆಯ ಗುಣವೆಂದರೆ ಸ್ಪ್ರಿಂಗ್ ಸದಾ ಒತ್ತುತ್ತಿರುವುದರಿಂದ ಮೊಳೆಯ ಸಡಿಲ ಒಂದೇ ಕಡೆಗೆ ಸರಿದು ಮೇಲೆ-ಕೆಳಗಿನ ಅಲುಗಾಟ ಅಡಗುತ್ತದೆ. ಕೊರತೆಯೆಂದರೆ, ಸ್ಪ್ರಿಂಗಿನ ಬಲ ಮೀರಿದರೆ ಅಲಗು ಮುಚ್ಚಿಕೊಳ್ಳುತ್ತದೆ. ಇದೇ ರಚನೆಯ ಅಗ್ಗದ ಪ್ರತಿಗಳಲ್ಲಿ ಸ್ಪ್ರಿಂಗ್ ತೆಳು ತಗಡಿನದು. 'ಟಕ್' ಸದ್ದು ಅವುಗಳಲ್ಲೂ ಜೋರಾಗಿ ಬರುತ್ತದೆ. ಸದ್ದು ಹೇಳುವುದು ಅಲಗು ಹಿಡಿಗೆ ಎಷ್ಟು ವೇಗವಾಗಿ ಬಡಿಯಿತು ಎಂಬುದನ್ನು. ಸ್ಪ್ರಿಂಗ್ ಎಷ್ಟು ದಿನ ಬಾಳುತ್ತದೆಂಬುದನ್ನಲ್ಲ.

ಎರಡನೆಯದು, ಮರದ ಹಿಡಿಯ, ಉಂಗುರದ ಬೀಗದ ಚಾಕು. ಫ್ರಾನ್ಸಿನ ಸವಾಯ್ ಪ್ರಾಂತದ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಚಾಕು ಇದಕ್ಕೆ ಮಾದರಿ. ಇದಕ್ಕೆ ಬೆನ್ನಿನ ಸ್ಪ್ರಿಂಗ್ ಇಲ್ಲ. 1955ರಲ್ಲಿ ಸೇರಿಸಿದ ಉಕ್ಕಿನ ಉಂಗುರವನ್ನು ತಿರುಗಿಸಿದರೆ ಅಲಗು ಮುಚ್ಚಿಕೊಳ್ಳಲಾರದು. ಸೀಳಿನಿಂದ ಅಲಗನ್ನು ಎಳೆಯುವಾಗ ಇದು ನಿಜವಾದ ರಕ್ಷಣೆ. ಆದರೆ ಹಿಡಿ ಮರದ್ದಾದ್ದರಿಂದ ಮಳೆಗಾಲದಲ್ಲಿ ತೇವ ಹೀರಿ ಉಬ್ಬಿ ಅಲಗನ್ನು ಹಿಡಿದುಕೊಳ್ಳುತ್ತದೆ, ಬೇಸಗೆಯಲ್ಲಿ ಒಣಗಿ ಸಡಿಲ ಬಿಡುತ್ತದೆ. ಒಂದೇ ಚಾಕು ಜೂನ್‌ನಲ್ಲಿ 'ಬಿಗಿ', ಮಾರ್ಚ್‌ನಲ್ಲಿ 'ಲೂಸು'. ಕಸಿಯ ಕೆಲಸ ಹೆಚ್ಚಾಗಿ ಮಳೆ ಶುರುವಾದ ಮೇಲೆ ನಡೆಯುವುದರಿಂದ ಈ ಗುಣವನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಮೂರನೆಯದು, ಮಡಚದ ಚಾಕು. ಮಡಚುವ ಚಾಕುವಿನ ವಿಮರ್ಶೆಯಲ್ಲಿ ಇದಕ್ಕೆ ಜಾಗವೆಲ್ಲಿ ಎಂದು ಕೇಳಬಹುದು. ಕೀಲೇ ಇಲ್ಲದ ಚಾಕುವಿನಲ್ಲಿ ಅಲುಗಾಟವೂ ಇಲ್ಲ, ಮುಚ್ಚಿಕೊಳ್ಳುವ ಭಯವೂ ಇಲ್ಲ, ತೊಳೆಯುವುದೂ ಸುಲಭ. ಒಂದೇ ಕಡೆ ಕುಳಿತು ದಿನಕ್ಕೆ ನೂರಾರು ಸಸಿ ಕಟ್ಟುವ ನರ್ಸರಿಗೆ ಒರೆಯಲ್ಲಿಟ್ಟ ಮಡಚದ ಚಾಕುವೇ ಮೇಲು. ಮಡಚುವ ಚಾಕುವಿಗೆ ಇರುವ ಏಕೈಕ ಹೆಚ್ಚುಗಾರಿಕೆ ಜೇಬಿನಲ್ಲಿ ಹಿಡಿಸುವುದು. ತೋಟದಿಂದ ತೋಟಕ್ಕೆ ಓಡಾಡಿ ಕಸಿಕಡ್ಡಿ ಆರಿಸುವವರಿಗೆ ಅದು ಬೇಕು. ಉಳಿದವರು ರೂಢಿಯಿಂದ ಅದನ್ನೇ ಕೊಳ್ಳುತ್ತಿದ್ದಾರೆ.

ಸವೆತ ಮತ್ತು ದುರಸ್ತಿ

ಹೊಸತರಲ್ಲಿ ಚಾಕು ಹೇಗಿದೆ ಎಂಬುದಕ್ಕಿಂತ ಎರಡು ಹಂಗಾಮಿನ ನಂತರ ಹೇಗಿರುತ್ತದೆ ಎಂಬುದು ದೊಡ್ಡ ಪ್ರಶ್ನೆ. ಕೀಲನ್ನು ಸವೆಸುವುದು ಬರೀ ಬಳಕೆಯಲ್ಲ, ಮಣ್ಣು. ಮಣ್ಣಿನಲ್ಲಿರುವ ಕ್ವಾರ್ಟ್ಸ್ ಕಣದ ಗಡಸುತನ ಮೋಸ್ ಮಾನದಲ್ಲಿ 7. ಮೆದು ಉಕ್ಕಿನ ಅಥವಾ ಹಿತ್ತಾಳೆಯ ಮೊಳೆ ಅದಕ್ಕಿಂತ ಬಹಳ ಮೃದು. ಹಲಸಿನ ಮೇಣ ಕೀಲಿನೊಳಗೆ ಸೇರಿ ಈ ಕಣಗಳನ್ನು ಅಂಟಿಸಿ ಹಿಡಿದುಕೊಂಡರೆ ಪ್ರತಿ ಸಲ ಬಿಚ್ಚಿ ಮುಚ್ಚುವುದೂ ಸಾಣೆ ಹಿಡಿದಂತೆ. ಕೀಲು ತೀರಾ ಬಿಗಿಯಾಗಿರುವ ಚಾಕು ಹಲಸಿನ ಕೆಲಸದಲ್ಲಿ ಬೇಗ ಕಚ್ಚಿಕೊಳ್ಳುವುದೂ ಇದರಿಂದಲೇ. ಮೇಣ ನೀರಿನಲ್ಲಿ ಕರಗುವುದಿಲ್ಲ. ಹಣ್ಣು ಕೊಯ್ಯುವ ಮುನ್ನ ಕೈಗೂ ಕತ್ತಿಗೂ ಎಣ್ಣೆ ಹಚ್ಚುವುದು ಮನೆಮನೆಯ ರೂಢಿ. ಕೀಲಿಗೂ ಅದೇ ಮದ್ದು. ಆದರೆ ಕಸಿಗೆ ಮುಂಚೆ ಅಲಗಿನ ಎಣ್ಣೆಯನ್ನು ಸ್ಪಿರಿಟ್‌ನಿಂದ ಪೂರ್ತಿ ಒರೆಸಬೇಕು. ಎಣ್ಣೆ ತಾಗಿದ ಕೊಯ್ತದ ಮುಖಗಳು ಸರಿಯಾಗಿ ಬೆಸೆಯಲಾರವು.

ಸಡಿಲವಾದ ಕೀಲನ್ನು ಸರಿಪಡಿಸುವುದು ಸಾಧ್ಯವೇ? ಇದಕ್ಕೆ ನಮ್ಮ ಅಡಕೊತ್ತನ್ನು ನೋಡಿ. ಅದೂ ಒಂದು ಮೊಳೆಯ ಮೇಲೆ ತಿರುಗುವ ಅಲಗೇ. ಮೊಳೆ ಸಡಿಲವಾದರೆ ಮೇಲಿನ ಅಲಗು ಕೆಳಗಿನ ಪಟ್ಟಿಯಿಂದ ಪಕ್ಕಕ್ಕೆ ಜಾರಿ ಅಡಿಕೆ ಹೋಳಾಗದೆ ಸಿಡಿಯುತ್ತದೆ. ಕಮ್ಮಾರರು ಮೊಳೆಯ ತಲೆಯನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ನಾಲ್ಕು ಮೆಲ್ಲನೆಯ ಏಟು ಹಾಕಿ ಅದನ್ನು ಬಿಗಿಗೊಳಿಸುತ್ತಾರೆ. ಬಡಿದು ಕೂರಿಸಿದ ಮೊಳೆಯ ಚಾಕುವನ್ನೂ ಹೀಗೆ ಸರಿಮಾಡಬಹುದು. ತಿರುಪಿನ ಕೀಲಾದರೆ ತಿರುಪುಳಿ ಸಾಕು. ಆದರೆ ಎರಡೂ ಕ್ರಮಗಳು ಎಡ-ಬಲದ ಸಂದನ್ನು ಮಾತ್ರ ಮುಚ್ಚುತ್ತವೆ. ತೂತೇ ಸವೆದು ಅಂಡಾಕಾರವಾಗಿದ್ದರೆ ಎಷ್ಟು ಬಡಿದರೂ ಮೇಲೆ-ಕೆಳಗಿನ ಅಲುಗಾಟ ಹೋಗದು. ದಪ್ಪ ಮೊಳೆ ಹಾಕಬೇಕು ಅಥವಾ ಚಾಕುವನ್ನು ಕೈಬಿಡಬೇಕು. ಪ್ಲಾಸ್ಟಿಕ್ ಹಿಡಿಯೊಳಗೆ ಮೊಳೆಯನ್ನು ಮುಚ್ಚಿಟ್ಟ ಚಾಕುಗಳಿಗೆ ಈ ದುರಸ್ತಿಯ ಅವಕಾಶವೇ ಇಲ್ಲ. ಅವು ನೋಟಕ್ಕೆ ನಯ, ಆದರೆ ಒಮ್ಮೆ ಸವೆದರೆ ಕಸ.

ಖರೀದಿಗೆ ಮುಂಚೆ ನಾಲ್ಕು ಪ್ರಶ್ನೆ

ಶಾಲೆ, ಕಾಲೇಜು, ನರ್ಸರಿಗಳ ಖರೀದಿ ಪಟ್ಟಿಯಲ್ಲಿ 'ಕಸಿ ಚಾಕು, ಉತ್ತಮ ಗುಣಮಟ್ಟದ್ದು' ಎಂದಷ್ಟೇ ಬರೆದರೆ ಬರುವುದು ಅತಿ ಕಡಿಮೆ ಬೆಲೆಯ ಚಾಕು. 'ಉತ್ತಮ' ಎಂಬ ಪದಕ್ಕೆ ಅಳತೆಯಿಲ್ಲ. ಅದರ ಬದಲು ಪ್ರಾಮುಖ್ಯದ ಕ್ರಮದಲ್ಲಿ ನಾಲ್ಕು ಪ್ರಶ್ನೆಗಳನ್ನು ಬರೆಯಬಹುದು.

ಒಂದು, ಅಲಗು ಮುಚ್ಚಿಕೊಳ್ಳದಂತೆ ಬೀಗವಿದೆಯೇ? ಇಲ್ಲವಾದರೆ 50 ಮಿ.ಮೀ. ದೂರದಲ್ಲಿ ಎಷ್ಟು ನ್ಯೂಟನ್ ಬಲಕ್ಕೆ ಮಣಿಯುತ್ತದೆ? ಎರಡು, ಅಲಗಿನ ಒಂದು ಪಕ್ಕ ನಿಜಕ್ಕೂ ಚಪ್ಪಟೆಯೇ? ಉಕ್ಕಿನ ಸ್ಕೇಲನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದರೆ ಸಂದು ಕಾಣಬಾರದು. ಮೂರು, ಕೀಲನ್ನು ಬಿಗಿಗೊಳಿಸಲು ಸಾಧ್ಯವೇ? ನಾಲ್ಕು, 1 ನ್ಯೂಟನ್ ಬಲದಲ್ಲಿ ತುದಿಯ ಎಡ-ಬಲದ ಅಲುಗಾಟ ಎಷ್ಟು? ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇಲ್ಲಿ ಕೊನೆಗೆ ಬಂದಿದೆ. ತೂಕ, ಹೊಳಪು, ಸದ್ದು ಪಟ್ಟಿಯಲ್ಲೇ ಇಲ್ಲ.

ಈ ನಾಲ್ಕನೆಯ ಅಳತೆಗೆ ಮಿತಿ ಎಷ್ಟಿರಬೇಕು ಎಂಬುದನ್ನು ಓದುಗರೇ ಕಂಡುಕೊಳ್ಳಬಹುದು. ಅಲುಗಾಟ ಬೇರೆಬೇರೆಯಾಗಿರುವ ಮೂರು ಚಾಕುಗಳನ್ನು ಮೊದಲು ಅಳೆಯಿರಿ. ಅಲಗುಗಳನ್ನು ಒಂದೇ ರೀತಿ ಮಸೆದು, ಒಬ್ಬರೇ ಕಸಿಗಾರರ ಕೈಯಿಂದ, ಒಂದೇ ಮರದ ಕಡ್ಡಿಗಳನ್ನು, ಒಂದೇ ವಯಸ್ಸಿನ ಬೇರುಸಸಿಗಳಿಗೆ ತಲಾ ಮೂವತ್ತರಂತೆ ಕಟ್ಟಿಸಿ. ಯಾವ ಸಸಿ ಯಾವ ಚಾಕುವಿನದೆಂದು ಗುರುತು ಹಾಕಿ, ಎರಡು ತಿಂಗಳ ನಂತರ ಚಿಗುರಿದವನ್ನು ಎಣಿಸಿ. ವಿಜ್ಞಾನ ಸಂಘದ ಒಂದು ವರ್ಷದ ಕೆಲಸಕ್ಕೆ ಇದು ತಕ್ಕ ವಿಷಯ. ಹಲಸಿನ ಸೀಮೆಯ ಶಾಲೆಗೆ ಬೇಕಾದ ಗಿಡ, ಚಾಕು, ಕಸಿಗಾರರು ಎಲ್ಲ ಊರಿನಲ್ಲೇ ಸಿಗುತ್ತಾರೆ.